ಕಾಗದ ನೋಡಿ ಊದುವ ಕ್ಲಾರಿನೆಟ್, ನೋಡದೆ ಊದುವ ಕ್ಲಾರಿನೆಟ್

ಪ್ರಶ್ನೆ: ನಮಸ್ಕಾರ ಸರ್. ನಾನು ಗಂಗಾವತಿಯವಳು, ಈಗ ಬೆಂಗಳೂರಿನಲ್ಲಿ ಕೆಲಸ. ಈಚೆಗೆ ಇಲ್ಲಿ ಒಬ್ಬ ಪಾಶ್ಚಾತ್ಯ ಶಾಸ್ತ್ರೀಯ ಕ್ಲಾರಿನೆಟ್ ವಾದಕರ ಕಛೇರಿಗೆ ಹೋಗಿದ್ದೆ. ಮೊದಲರ್ಧ ನಾಲ್ಕು ಜನ ತಂತಿವಾದ್ಯದವರ ಜತೆ ಜರ್ಮನಿಯ ಸಂಯೋಜಕ ಬ್ರಾಮ್ಸ್‌ನ ಕೃತಿ. ಆಮೇಲೆ ಪಿಯಾನೋ, ಡಬಲ್ ಬಾಸ್, ಡ್ರಮ್ಸ್ ಜತೆ ಜಾಝ್. ಅದೇ ಮನುಷ್ಯ, ಅದೇ ವಾದ್ಯ, ಆದರೆ ಇಬ್ಬರು ಬೇರೆ ಬೇರೆಯವರು ಊದಿದ ಹಾಗಿತ್ತು. ನಮ್ಮ ಕಾಕಾ ಮೂವತ್ತು ವರ್ಷ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿದವರು. ಅವರಿಗೆ ರೆಕಾರ್ಡಿಂಗ್ ಕೇಳಿಸಿದೆ. "ಮೊದಲನೇದು ಕಾಗದ ನೋಡಿ ಊದ್ಯಾನ. ಎರಡನೇದೂ ಕಾಗದ ನೋಡೇ ಊದ್ಯಾನ, ಆದ್ರ ಆ ಕಾಗದ ತಲ್ಯಾಗ ಐತಿ" ಅಂದುಬಿಟ್ಟರು. ಕಾಕಾ ಹೇಳಿದ್ದು ಸರಿಯಾ? ಶಾಸ್ತ್ರೀಯದವರು ಜಾಝ್‌ಗೆ ಕೈ ಹಾಕುವುದು ನಿಜವಾದ ಸಂಗೀತವೋ, ಟಿಕೆಟ್ ಮಾರುವ ಉಪಾಯವೋ? ನನ್ನ ತಮ್ಮನಿಗೆ 14 ವರ್ಷ, ಕಾಕಾ ಹತ್ತಿರವೇ ಕಲಿಯುತ್ತಿದ್ದಾನೆ. ಅವನಿಗೆ ಎರಡೂ ಕಲಿಸಬಹುದಾ, ಇಲ್ಲ ಒಂದು ಇನ್ನೊಂದನ್ನು ಕೆಡಿಸುತ್ತದಾ? ನಮ್ಮ ಕಡೆ ಇಂಥ ಕಛೇರಿ ಮಾಡಲು ಆಗುತ್ತದಾ?

ಉತ್ತರ: ಮೊದಲು ನಿಮ್ಮ ಕಾಕಾಗೆ ಬಳ್ಳಾರಿಯಿಂದ ನನ್ನ ನಮಸ್ಕಾರ ತಿಳಿಸಿ. ಅವರು ಒಂದೇ ಮಾತಿನಲ್ಲಿ ಹೇಳಿದ್ದನ್ನು ನಾನು ಇಷ್ಟುದ್ದ ಬರೆಯಬೇಕಾಗಿದೆ. ಅವರ ಮಾತು ಅರ್ಧ ಸರಿ. ಇನ್ನರ್ಧ ಯಾಕೆ ಸರಿಯಲ್ಲ ಅನ್ನುವುದನ್ನು ಸ್ವಲ್ಪ ಸುತ್ತಿಯೇ ಹೇಳಬೇಕು.

ನಾನೂ ಬ್ಯಾಂಡಿನಿಂದ ಬಂದವನೇ. ಹುಡುಗನಾಗಿದ್ದಾಗ ಕೌಲ್ ಬಜಾರ್ ಕಡೆಯ ಒಂದು ಬ್ಯಾಂಡ್ ಸೆಟ್‌ನಲ್ಲಿ ಊದುತ್ತಿದ್ದೆ. ಬಳ್ಳಾರಿಯಲ್ಲಿ ಬ್ರಿಟಿಷರ ದಂಡು ಇತ್ತು, ಕೌಲ್ ಬಜಾರ್ ಬೆಳೆದದ್ದೂ ಆ ದಂಡಿನ ಸುತ್ತಲೇ. ದಂಡು ಇದ್ದಲ್ಲಿ ಮಿಲಿಟರಿ ಬ್ಯಾಂಡ್ ಇರುತ್ತದೆ, ಬ್ಯಾಂಡ್ ಇದ್ದಲ್ಲಿ ಕ್ಲಾರಿನೆಟ್ ಇರುತ್ತದೆ. ದೇಶದ ಎಷ್ಟೋ ಊರುಗಳಲ್ಲಿ ಈ ವಾದ್ಯ ದಂಡಿನಿಂದ ಬೀದಿಗೆ, ಬೀದಿಯಿಂದ ಮದುವೆ ಮೆರವಣಿಗೆಗೆ ಇಳಿದದ್ದು ಹೀಗೇ. ನೊಟೇಶನ್, ಅಂದರೆ ಕಾಗದದ ಮೇಲೆ ಬರೆದ ಸ್ವರ, ನೋಡಿ ಊದುವುದನ್ನು ನಾನು ಕಲಿತದ್ದು ಆಮೇಲೆ, ಇಪ್ಪತ್ತು ದಾಟಿದ ಮೇಲೆ. ಹಾಗಾಗಿ ಕಾಗದ ಇಲ್ಲದ ಮನೆ, ಕಾಗದ ಇರುವ ಮನೆ ಎರಡರಲ್ಲೂ ಉಂಡಿದ್ದೇನೆ.

ಈ ವಾದ್ಯದ ಸ್ವಭಾವದಲ್ಲೇ ಎರಡು ದನಿ ಇದೆ. ಕೊಳಲಿನಲ್ಲಿ ಅದೇ ಬೆರಳಿಟ್ಟು ಜೋರಾಗಿ ಊದಿದರೆ ಅದೇ ಸ್ವರ ಮೇಲಿನ ಸಪ್ತಕದಲ್ಲಿ ಬರುತ್ತದೆ. ಕ್ಲಾರಿನೆಟ್‌ನಲ್ಲಿ ಹಾಗಲ್ಲ. ಕೆಳಗಿನ ಸ ಹಿಡಿದು, ಹಿಂದೆ ಎಡಗೈ ಹೆಬ್ಬೆರಳಿನ ಕೀ ಒತ್ತಿದರೆ ಬರುವುದು ಮೇಲಿನ ಸ ಅಲ್ಲ, ತಾರಸಪ್ತಕದ ಪ. ಒಂದು ಕಡೆ ಮುಚ್ಚಿದ ನೇರ ಕೊಳವೆ ಹೀಗೇ ವರ್ತಿಸುತ್ತದೆ. ಅದಕ್ಕೇ ಕೆಳಗಿನ ದನಿ ಕಡು ಬೆಲ್ಲದ ಪಾಕದ ಹಾಗೆ ದಪ್ಪ, ಮೇಲಿನದು ತುತ್ತೂರಿಯ ಹಾಗೆ ಚೂಪು. ನಡುವೆ ಒಂದು ಹೊಸ್ತಿಲು, ಅದನ್ನು ಸದ್ದಾಗದಂತೆ ದಾಟಲು ಎರಡು ಮೂರು ವರ್ಷ ಬೇಕು. 1700ರ ಆಸುಪಾಸಿನಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನ ಡೆನ್ನರ್ ಈ ವಾದ್ಯಕ್ಕೆ ರೂಪ ಕೊಟ್ಟದ್ದು ಅಂತ ಹೇಳುತ್ತಾರೆ. ಮೊಜಾರ್ಟ್‌ಗೆ ಈ ಎರಡು ದನಿಯ ಹುಚ್ಚು ಹತ್ತಿತು. ತನ್ನ ಗೆಳೆಯ ಸ್ಟಾಡ್ಲರ್‌ಗಾಗಿ 1789ರಲ್ಲಿ ಕ್ಲಾರಿನೆಟ್ ಮತ್ತು ನಾಲ್ಕು ತಂತಿವಾದ್ಯಗಳ ಕ್ವಿಂಟೆಟ್ ಬರೆದ. ನೀವು ಕೇಳಿದ ಬ್ರಾಮ್ಸ್ ಕ್ವಿಂಟೆಟ್ ಅದರ ಮೊಮ್ಮಗ ಇದ್ದ ಹಾಗೆ.

ಇಂಥದ್ದನ್ನು ಚೇಂಬರ್ ಮ್ಯೂಸಿಕ್ ಅಂತಾರೆ. ಹೆಸರು ಕೇಳಿ ಹೆದರಬೇಡಿ, ಕೋಣೆಯ ಸಂಗೀತ ಅಷ್ಟೇ. ನಮ್ಮ ಕಡೆ ಮನೆಯ ಪಡಸಾಲೆಯಲ್ಲಿ ನಡೆಯುವ ಬೈಠಕ್ ಇದೆಯಲ್ಲ, ಅದರ ಹತ್ತಿರದ ಸಂಬಂಧಿ. ನಾಲ್ಕೈದು ಜನ, ಒಬ್ಬೊಬ್ಬರಿಗೂ ಒಂದೊಂದು ಬೇರೆ ಸಾಲು, ಮುಂದೆ ನಿಂತು ಕೋಲು ಆಡಿಸುವವರು ಯಾರೂ ಇಲ್ಲ. ಒಬ್ಬರ ಉಸಿರು ನೋಡಿ ಇನ್ನೊಬ್ಬರು ಎತ್ತಿಕೊಳ್ಳಬೇಕು. ನಾನು ಮೊದಲ ಸಲ ಆ ಮೊಜಾರ್ಟ್ ಕ್ವಿಂಟೆಟ್‌ಗೆ ಕೂತಾಗ ಬ್ಯಾಂಡಿನವನ ಹಾಗೇ ಊದಿದೆ. ಬ್ಯಾಂಡಿನಲ್ಲಿ ಕ್ಲಾರಿನೆಟ್ ಅಂದರೆ ಮದುಮಗ, ಉಳಿದವರೆಲ್ಲ ದಿಬ್ಬಣ. ಎರಡನೇ ಭಾಗದಲ್ಲಿ ತಂತಿವಾದ್ಯದವರು ಸದ್ದು ತಗ್ಗಿಸುವ ಮ್ಯೂಟ್ ಹಾಕಿಕೊಂಡು ಪಿಸುಗುಡುತ್ತಾರೆ, ನಾನು ಅವರ ಮೇಲೆ ಎಪಿಎಂಸಿ ಯಾರ್ಡಿನ ಹರಾಜಿನ ಹಾಗೆ ಕೂಗಿದೆ. ವಯೋಲಾ (ಪಿಟೀಲಿಗಿಂತ ತುಸು ದೊಡ್ಡ ವಾದ್ಯ) ನುಡಿಸುತ್ತಿದ್ದ ಹೆಣ್ಣುಮಗಳು ಬಿಲ್ಲು ಕೆಳಗಿಟ್ಟು, "ಸರ್, ನಾವೂ ಇಲ್ಲೇ ಇದ್ದೀವಿ" ಅಂದಳು. ಆ ಮಾತು ಇನ್ನೂ ಕಿವಿಯಲ್ಲಿದೆ.

ಈಗ ಜಾಝ್ ಮನೆಗೆ ಬರೋಣ. ಇಲ್ಲಿ ನಿಮ್ಮ ಕಾಕಾಗೆ ಖುಷಿಯಾಗುವ ಸಂಗತಿ ಇದೆ. ಜಾಝ್‌ನಲ್ಲಿ ಕ್ಲಾರಿನೆಟ್ ಹುಟ್ಟಿದ್ದೇ ಬೀದಿ ಬ್ಯಾಂಡಿನಲ್ಲಿ. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಕಪ್ಪು ಜನರ ಬ್ಯಾಂಡುಗಳು ಹಬ್ಬಕ್ಕೂ ಊದುತ್ತಿದ್ದವು, ಮಣ್ಣಿಗೂ ಊದುತ್ತಿದ್ದವು. ಹೆಣ ಒಯ್ಯುವಾಗ ನಿಧಾನದ ಪ್ರಾರ್ಥನಾಗೀತೆ, ಮಣ್ಣು ಮುಗಿಸಿ ಬರುವಾಗ ಕುಣಿಸುವ ಗತ್ತು. ನಮ್ಮ ಕಡೆ ತುಂಬು ಬಾಳು ಬಾಳಿದ ಹಿರಿಯರನ್ನು ಬಾಜಾ ಭಜಂತ್ರಿ ಜತೆ ಒಯ್ಯುವುದಿಲ್ಲವಾ? ಹಾಗೇ. ಆದರೆ ಆ ಊರಿನ ಕ್ಲಾರಿನೆಟ್ ಗುರುಗಳು ಕಾಗದ ಓದಲು ಬಾರದವರಲ್ಲ. ಟಿಯೊ ಅನ್ನುವ ಮನೆತನ ಇತ್ತು, ಶಾಸ್ತ್ರೀಯವಾಗಿ ಪಳಗಿದ ಕ್ರಿಯೋಲ್ (ಮಿಶ್ರ ಮೂಲದ) ಮನೆತನ. ಆ ಮನೆಯ ಲೊರೆಂಜೊ ಟಿಯೊ ಹತ್ತಿರ ಕಲಿತವರಲ್ಲಿ ಬಾರ್ನಿ ಬಿಗಾರ್ಡ್, ಜಿಮ್ಮಿ ನೂನ್ ಥರದವರಿದ್ದಾರೆ. ಅಂದರೆ ಶಾಸ್ತ್ರೀಯದವರು ಈಗ ಜಾಝ್‌ಗೆ ಹೋಗುತ್ತಿದ್ದಾರೆ ಅನ್ನುವುದು ಪೂರ್ತಿ ನಿಜವಲ್ಲ. ಜಾಝ್ ಕ್ಲಾರಿನೆಟ್‌ನ ಒಂದು ಕಾಲು ಮೊದಲಿನಿಂದಲೂ ಆ ಮನೆಯಲ್ಲೇ ಇತ್ತು.

ಎರಡು ಮನೆಗೂ ಹೆಸರಾದವರು ಬೆನ್ನಿ ಗುಡ್‌ಮನ್. 1909ರಲ್ಲಿ ಶಿಕಾಗೋದಲ್ಲಿ ಬಡ ಯಹೂದಿ ಮನೆಯಲ್ಲಿ ಹುಟ್ಟಿದವರು. ಬಡ ಮಕ್ಕಳಿಗಾಗಿ ನಡೆಸುತ್ತಿದ್ದ ಬ್ಯಾಂಡಿನಲ್ಲಿ ಊದಿದರು. ಜತೆಗೆ ಫ್ರಾನ್ಜ್ ಶೋಪ್ ಅನ್ನುವ ಕಟ್ಟುನಿಟ್ಟಿನ ಜರ್ಮನ್ ಮೇಷ್ಟರ ಹತ್ತಿರ ಶಾಸ್ತ್ರೀಯ ಪಾಠ. ಶೋಪ್ ಅವರದ್ದು ಒಂದು ಒಳ್ಳೆ ಪದ್ಧತಿ ಇತ್ತು. ಒಬ್ಬ ಶಿಷ್ಯನ ಪಾಠ ಮುಗಿದ ಕೂಡಲೇ ಕಳಿಸುತ್ತಿರಲಿಲ್ಲ, ಮುಂದಿನ ಶಿಷ್ಯನ ಜತೆ ಕೂರಿಸಿ ಡ್ಯುಯೆಟ್ ಊದಿಸುತ್ತಿದ್ದರು. ಬಿಳಿ ಹುಡುಗ ಗುಡ್‌ಮನ್, ಕಪ್ಪು ಹುಡುಗ ಬಸ್ಟರ್ ಬೈಲಿ ಹೀಗೆ ಜತೆಗೆ ಊದಿದ್ದಾರೆ. ಮುಂದೆ ಇಬ್ಬರೂ ದೊಡ್ಡ ಜಾಝ್ ವಾದಕರಾದರು. ಈ ಡ್ಯುಯೆಟ್ ವಿಷಯ ನೆನಪಿಟ್ಟುಕೊಳ್ಳಿ, ನಿಮ್ಮ ತಮ್ಮನ ಮಾತು ಬಂದಾಗ ಬೇಕಾಗುತ್ತದೆ.

1938 ಗುಡ್‌ಮನ್‌ಗೆ ವಿಚಿತ್ರ ವರ್ಷ. ಜನವರಿ 16ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಜಾಝ್ ಕಛೇರಿ. ಆ ಹಾಲ್ ಅಂದರೆ ಶಾಸ್ತ್ರೀಯದವರ ಮಡಿ ಜಾಗ, ಅಲ್ಲಿ ಡ್ರಮ್ಸ್ ಬಾರಿಸಿದ್ದೇ ಸುದ್ದಿ. ಅದೇ ವರ್ಷ ಏಪ್ರಿಲ್‌ನಲ್ಲಿ ಬುಡಾಪೆಸ್ಟ್ ಕ್ವಾರ್ಟೆಟ್ ಜತೆ ಮೊಜಾರ್ಟ್ ಕ್ವಿಂಟೆಟ್ ರೆಕಾರ್ಡ್ ಮಾಡಿದರು. ಅಷ್ಟಕ್ಕೇ ಸುಮ್ಮನಾಗಲಿಲ್ಲ. ಹಂಗೇರಿಯ ಪಿಟೀಲುವಾದಕ ಸಿಗೆಟಿ ಮೂಲಕ ಅದೇ ದೇಶದ ಸಂಯೋಜಕ ಬಾರ್ಟೋಕ್‌ಗೆ ಹೇಳಿಸಿ ಕ್ಲಾರಿನೆಟ್, ಪಿಟೀಲು, ಪಿಯಾನೋಗೆ ಹೊಸ ಕೃತಿ ಬರೆಸಿದರು. ಅದು 'ಕಾಂಟ್ರಾಸ್ಟ್ಸ್'. ಹೆಸರೇ ಹೇಳುವಂತೆ ಮೂರು ವಾದ್ಯ ಮೂರು ದಿಕ್ಕು. ಕೊನೆಯ ಭಾಗದ ಶುರುವಿಗೆ ಪಿಟೀಲಿನವರು ಬೇಕೆಂದೇ ತಪ್ಪು ಶ್ರುತಿ ಮಾಡಿದ ಇನ್ನೊಂದು ಪಿಟೀಲು ಎತ್ತಿಕೊಳ್ಳಬೇಕು, ಹಳ್ಳಿ ಪಿಟೀಲಿನ ಒರಟು ದನಿಗಾಗಿ. 1940ರಲ್ಲಿ ಬಾರ್ಟೋಕ್ ಸ್ವತಃ ಪಿಯಾನೋಗೆ ಕೂತು ಗುಡ್‌ಮನ್, ಸಿಗೆಟಿ ಜತೆ ಅದನ್ನು ರೆಕಾರ್ಡ್ ಮಾಡಿದರು. ಜಾಝ್‌ನಲ್ಲಿ ಬಂದ ದುಡ್ಡಿನಿಂದ ಒಬ್ಬ ಬೀದಿ ಬ್ಯಾಂಡ್ ಹುಡುಗ ಇಪ್ಪತ್ತನೇ ಶತಮಾನದ ಒಂದು ಮುಖ್ಯ ಚೇಂಬರ್ ಕೃತಿ ಹುಟ್ಟಿಸಿದ. ಆಮೇಲೆ ಅಮೆರಿಕದ ಸಂಯೋಜಕ ಕೊಪ್ಲ್ಯಾಂಡ್ ಹತ್ತಿರ ಕಾನ್ಸರ್ಟೊ (ಆರ್ಕೆಸ್ಟ್ರಾ ಜತೆ ಒಂಟಿ ವಾದ್ಯದ ಕೃತಿ) ಬರೆಸಿದ್ದೂ, 1963ರಲ್ಲಿ ಫ್ರಾನ್ಸಿನ ಪುಲಾಂಕ್ ಬರೆದ ಕ್ಲಾರಿನೆಟ್ ಸೊನಾಟಾದ ಮೊದಲ ಪ್ರದರ್ಶನವನ್ನು ಬರ್ನ್‌ಸ್ಟೈನ್ ಪಿಯಾನೋ ಜತೆ ಊದಿದ್ದೂ ಇದೇ ಮನುಷ್ಯ.

ಆದರೆ ನನಗೆ ಇಷ್ಟವಾಗುವುದು ಇವಾವುದೂ ಅಲ್ಲ. ಹೆಸರು, ಹಣ ಎಲ್ಲ ಇದ್ದಾಗ, ನಲವತ್ತರ ವಯಸ್ಸಿನಲ್ಲಿ, 1949ರ ಸುಮಾರಿಗೆ ಗುಡ್‌ಮನ್ ಇಂಗ್ಲೆಂಡಿನ ಶಾಸ್ತ್ರೀಯ ವಾದಕ ರೆಜಿನಾಲ್ಡ್ ಕೆಲ್ ಹತ್ತಿರ ಮತ್ತೆ ಪಾಠಕ್ಕೆ ಕೂತರು. ತುಟಿ ಹಿಡಿಯುವ ರೀತಿಯನ್ನೇ ಬದಲಿಸಿಕೊಂಡರು. ಮೇಲಿನ ಹಲ್ಲು ಮೌತ್‌ಪೀಸಿನ ಮೇಲೆ ಊರುತ್ತಿದ್ದವರು ಎರಡೂ ತುಟಿ ಮಡಚಿ ಹಿಡಿಯಲು ಶುರು ಮಾಡಿದರು. ಇದು ಎಷ್ಟು ಕಷ್ಟ ಅಂತ ನಿಮ್ಮ ಕಾಕಾನ್ನೇ ಕೇಳಿ. ಹೊಸ ಚಪ್ಪಲಿ ಕಚ್ಚಿದ ಹಾಗಲ್ಲ, ಹೊಸ ಕಾಲು ಹಾಕಿಸಿಕೊಂಡು ನಡೆಯಲು ಕಲಿತ ಹಾಗೆ. ಆ ಬದಲಾವಣೆ ಗುಡ್‌ಮನ್‌ರ ಜಾಝ್ ಕಿಡಿಯನ್ನು ಸ್ವಲ್ಪ ತಣ್ಣಗಾಗಿಸಿತು ಅನ್ನುವವರೂ ಇದ್ದಾರೆ. ಹಳೆಯ ರೆಕಾರ್ಡ್ ಕೇಳಿದರೆ ನನಗೂ ಹಾಗೇ ಅನ್ನಿಸುತ್ತದೆ.

ಅಂದರೆ ಒಂದು ಇನ್ನೊಂದನ್ನು ಕೆಡಿಸುತ್ತದಾ ಅಂತ ನೀವು ಕೇಳಿದ್ದು ಸುಮ್ನೆ ಕೇಳಿದ್ದಲ್ಲ. ಕೆಡಿಸಬಹುದು. ಎಲ್ಲಿ ಅಂತ ಹೇಳುತ್ತೇನೆ.

ಬಾಯಿಯ ವಿಷಯ ಬೇಗ ಮುಗಿಸುತ್ತೇನೆ. ಶಾಸ್ತ್ರೀಯದವರು ಸಾಮಾನ್ಯವಾಗಿ ಮೌತ್‌ಪೀಸಿನ ಬಾಯಿ ಕಡಿಮೆ ತೆರೆದಿರುವುದನ್ನು, ಸ್ವಲ್ಪ ಗಟ್ಟಿ ರೀಡನ್ನು (ಊದುವಾಗ ನಡುಗುವ ತೆಳು ಪಟ್ಟಿ) ಇಟ್ಟುಕೊಳ್ಳುತ್ತಾರೆ. ಸ್ವರ ನೆಟ್ಟಗೆ, ಅಲುಗದೆ ನಿಲ್ಲಬೇಕು. ಪಿಟೀಲಿನವರು ಸ್ವರ ನಡುಗಿಸುತ್ತಾರೆ, ಆದರೆ ಶಾಸ್ತ್ರೀಯ ಕ್ಲಾರಿನೆಟ್‌ನಲ್ಲಿ ಅದು ಹೆಚ್ಚಿನ ಕಡೆ ಮರ್ಯಾದೆಯಲ್ಲ. ಜಾಝ್‌ನವರಲ್ಲಿ ಬಹಳ ಜನ ಹೆಚ್ಚು ತೆರೆದ ಮೌತ್‌ಪೀಸ್, ಮೆತ್ತನೆ ರೀಡ್ ಇಟ್ಟುಕೊಳ್ಳುತ್ತಾರೆ. ಸ್ವರವನ್ನು ಕೆಳಗಿನಿಂದ ಜಾರಿಸಿ ಎತ್ತುತ್ತಾರೆ, ಬಗ್ಗಿಸುತ್ತಾರೆ, ಗಂಟಲಲ್ಲಿ ಗುರುಗುಟ್ಟುತ್ತಾರೆ. ನಿಮ್ಮ ಕಛೇರಿಯಲ್ಲಿ ಇಬ್ಬರು ಊದಿದ ಹಾಗೆ ಕೇಳಿದ್ದಕ್ಕೆ ಇದು ಒಂದು ಕಾರಣ. ವಿರಾಮದಲ್ಲಿ ಅವರು ರೀಡ್, ಮೌತ್‌ಪೀಸ್ ಬದಲಿಸಿದ್ದರೂ ಆಶ್ಚರ್ಯವಿಲ್ಲ. ದಿನಾ ಅಭ್ಯಾಸ ಮಾಡುವವರಿಗೆ ಇದು ದೊಡ್ಡ ತೊಡಕಲ್ಲ.

ಕಾಲದ ವಿಷಯ ಅದಕ್ಕಿಂತ ಆಳ. ಕಾಗದದ ಮೇಲೆ ಎರಡು ಅರ್ಧ ಮಾತ್ರೆ ಒಂದೇ ಥರ ಕಾಣುತ್ತವೆ. ಶಾಸ್ತ್ರೀಯದವರು ಸಮವಾಗಿ ಊದುತ್ತಾರೆ. ಜಾಝ್‌ನಲ್ಲಿ ಮೊದಲನೆಯದು ಉದ್ದ, ಎರಡನೆಯದು ಗಿಡ್ಡ, ಮಧ್ಯ ಲಯದಲ್ಲಿ ಹೆಚ್ಚು ಕಡಿಮೆ ಎರಡಕ್ಕೆ ಒಂದು. ಲಯ ಏರಿದ ಹಾಗೆ ಆ ವ್ಯತ್ಯಾಸ ಕರಗುತ್ತದೆ. ಇದಕ್ಕೆ ಸ್ವಿಂಗ್ ಅಂತಾರೆ. ನಮ್ಮ ತಬಲಾದವರು ಭಜನೆಗೆ ಕೆಹರವಾ ತಾಳ ಹಿಡಿದಾಗ 'ಧಾ ಗೆ ನ ತಿ' ಗಡಿಯಾರದ ಹಾಗೆ ಬೀಳುತ್ತದಾ? ಇಲ್ಲ, ಸ್ವಲ್ಪ ವಾಲುತ್ತದೆ. ಆ ವಾಲುವಿಕೆಯನ್ನು ಯಾವ ಪುಸ್ತಕದಲ್ಲೂ ಬರೆಯಲು ಬಂದಿಲ್ಲ. ಶಾಸ್ತ್ರೀಯದವರು ಸ್ವಿಂಗ್ ಅನ್ನು ಲೆಕ್ಕ ಹಾಕಿ ಊದಿದರೆ ಎತ್ತಿನ ಗಾಡಿ ಕಲ್ಲಿನ ಮೇಲೆ ಹೋದ ಹಾಗಿರುತ್ತದೆ. ನಿಮ್ಮ ಕಾಕಾ ಕಿವಿ ಹಿಡಿದದ್ದು ಇದನ್ನೇ ಇರಬೇಕು. ಕಾಗದ ತಲ್ಯಾಗ ಐತಿ ಅಂದರೆ ಲೆಕ್ಕ ಕೇಳಿಸುತ್ತಿದೆ ಅಂತ.

ಇನ್ನು ಕಿವಿ. ಇಲ್ಲಿ ನಮ್ಮವರೂ ಎಡವುತ್ತಾರೆ, ನಾನೂ ಎಡವಿದ್ದೇನೆ. ಜಾಝ್‌ನವರು ಕಾಗದ ಇಲ್ಲದೆ ಊದುತ್ತಾರೆ, ನಾವೂ ಆಲಾಪ ಮಾಡುತ್ತೇವೆ, ಎರಡೂ ಒಂದೇ ಅಂದುಕೊಂಡು ನಾನು ಒಂದು ಜಾಝ್ ಗುಂಪಿನ ಜತೆ ಧೈರ್ಯವಾಗಿ ನಿಂತೆ. ಮೂರನೇ ನಿಮಿಷಕ್ಕೆ ದಾರಿ ತಪ್ಪಿತು. ನಮ್ಮ ರಾಗದಲ್ಲಿ ಷಡ್ಜ ನೆಲ ಇದ್ದ ಹಾಗೆ, ಕಛೇರಿ ಮುಗಿಯುವವರೆಗೂ ಅಲುಗುವುದಿಲ್ಲ. ಜಾಝ್‌ನಲ್ಲಿ ಪಿಯಾನೋದವರು ಒಂದೆರಡು ಅಳತೆಗೊಮ್ಮೆ (ಅಳತೆ ಅಂದರೆ ಮಾತ್ರೆಗಳ ಒಂದು ಸಣ್ಣ ಗುಂಪು) ಕಾರ್ಡ್, ಅಂದರೆ ಒಟ್ಟಿಗೆ ಒತ್ತುವ ಸ್ವರಗಳ ಗುಂಪು, ಬದಲಿಸುತ್ತಾರೆ, ಅಂದರೆ ನೆಲವೇ ಸರಿಯುತ್ತದೆ. ಈ ಕ್ಷಣ ಚೆಂದ ಕೇಳಿದ ಗಾಂಧಾರ ಮುಂದಿನ ಕ್ಷಣ ಕಲ್ಲಿನ ಹಾಗೆ ಹಲ್ಲಿಗೆ ಸಿಗುತ್ತದೆ. ಆ ಸರಿಯುವ ನೆಲದ ಮೇಲೆ ನಡೆಯುತ್ತ ಹಾಡು ಕಟ್ಟಬೇಕು. ಶಾಸ್ತ್ರೀಯ ಚೇಂಬರ್ ಸಂಗೀತ ಮಾಡಿದವರಿಗೆ ಇಲ್ಲಿ ಒಂದು ಲಾಭ ಇದೆ. ವರ್ಷಗಟ್ಟಲೆ ನಾಲ್ಕು ಸಾಲುಗಳ ನಡುವೆ ಕೂತವರ ಕಿವಿಗೆ ನೆಲ ಸರಿಯುವುದು ಗೊತ್ತಾಗುತ್ತದೆ. ಅದಕ್ಕೇ ನನ್ನ ಅಭಿಪ್ರಾಯ ಇಷ್ಟು. ದೊಡ್ಡ ಆರ್ಕೆಸ್ಟ್ರಾದ ಸಾಲಿನಲ್ಲಿ ಕೂತು ಬಂದವರಿಗಿಂತ ಚೇಂಬರ್ ಸಂಗೀತದಿಂದ ಬಂದವರು ಜಾಝ್‌ಗೆ ಬೇಗ ಒಗ್ಗುತ್ತಾರೆ. ಜಾಝ್‌ನ ಸಣ್ಣ ಗುಂಪೂ ಕೋಣೆಯ ಸಂಗೀತವೇ. ಗುಡ್‌ಮನ್ 1935ರಲ್ಲಿ ಪಿಯಾನೋದ ಟೆಡ್ಡಿ ವಿಲ್ಸನ್, ಡ್ರಮ್ಸ್‌ನ ಜೀನ್ ಕ್ರುಪಾ ಜತೆ ಕಟ್ಟಿದ ಮೂವರ ಗುಂಪು ಕೇಳಿ. 1960ರ ದಶಕದ ಶುರುವಿನಲ್ಲಿ ಜಿಮ್ಮಿ ಜಫ್ರಿ ಕಟ್ಟಿದ ಮೂವರ ಗುಂಪಿನಲ್ಲಿ ಡ್ರಮ್ಸ್ ಕೂಡ ಇಲ್ಲ, ಕ್ಲಾರಿನೆಟ್, ಪಿಯಾನೋ, ಬಾಸ್ ಅಷ್ಟೇ. ಮೂವರು ಅಜ್ಜಂದಿರು ಕಟ್ಟೆಯ ಮೇಲೆ ಕೂತು ಒಂದೊಂದೇ ಮಾತಾಡಿದ ಹಾಗಿದೆ.

ಈಗ ಕಾಕಾನ ಮಾತಿನ ಇನ್ನರ್ಧ. ಕಾಗದ ನೋಡಿ ಊದಿದ್ದೆಲ್ಲ ಸತ್ತ ಸಂಗೀತ ಅಂತ ಅವರ ಮನಸ್ಸಿನಲ್ಲಿದ್ದರೆ ನಾನು ಒಪ್ಪುವುದಿಲ್ಲ. ನೀವು ಕೇಳಿದ ಬ್ರಾಮ್ಸ್ ಕ್ವಿಂಟೆಟ್ ಹುಟ್ಟಿದ ಕಥೆ ಕೇಳಿ. 1890ರಲ್ಲಿ ಬ್ರಾಮ್ಸ್ ಇನ್ನು ಸಾಕು, ಬರೆಯುವುದಿಲ್ಲ ಅಂತ ಲೇಖನಿ ಕೆಳಗಿಟ್ಟಿದ್ದ. ಮರುವರ್ಷ ಮೈನಿಂಗೆನ್ ಊರಿನ ಆರ್ಕೆಸ್ಟ್ರಾದಲ್ಲಿ ಮ್ಯೂಲ್‌ಫೆಲ್ಡ್ ಅನ್ನುವವನ ಕ್ಲಾರಿನೆಟ್ ಕೇಳಿದ. ಅವನು ಮೂಲತಃ ಪಿಟೀಲಿನವನು, ಕ್ಲಾರಿನೆಟ್ ತಾನಾಗಿ ಕಲಿತದ್ದು. ಆ ಬೇಸಿಗೆಯಲ್ಲೇ ಬ್ರಾಮ್ಸ್ ಒಂದು ಟ್ರಿಯೊ, ಈ ಕ್ವಿಂಟೆಟ್ ಎರಡೂ ಬರೆದ. ಕ್ವಿಂಟೆಟ್‌ನ ಎರಡನೇ ಭಾಗದ ನಡುವೆ ತಂತಿಗಳು ನಡುಗುತ್ತಿರುತ್ತವೆ, ಕ್ಲಾರಿನೆಟ್ ಅದರ ಮೇಲೆ ಏರಿ ಇಳಿದು ಅಲೆಯುತ್ತದೆ. ಹಂಗೇರಿಯ ಜಿಪ್ಸಿ ವಾದಕರು ಹೊತ್ತಿಗೆ ತೋಚಿದಂತೆ ನುಡಿಸುತ್ತಿದ್ದ ರೀತಿಯನ್ನು ಬ್ರಾಮ್ಸ್ ಕಾಗದದಲ್ಲಿ ಹಿಡಿದಿಟ್ಟದ್ದು ಅದು. ಕಾಕಾಗೆ ಆ ನಾಲ್ಕೈದು ನಿಮಿಷ ಮಾತ್ರ ಕೇಳಿಸಿ, ಹೆಸರು ಹೇಳಬೇಡಿ. ಅದನ್ನು ಓದಿ ಊದುತ್ತಿದ್ದಾರೆ ಅಂತ ಅನ್ನಿಸಿದರೆ ಊದಿದವರದ್ದು ತಪ್ಪು, ಕಾಗದದ್ದಲ್ಲ.

ಉಲ್ಟಾ ಉದಾಹರಣೆಯೂ ಇದೆ. ಗರ್ಷ್‌ವಿನ್‌ನ 'ರಾಪ್ಸಡಿ ಇನ್ ಬ್ಲೂ' ಶುರುವಾಗುವುದೇ ಕ್ಲಾರಿನೆಟ್‌ನಿಂದ. ಕಾಗದದಲ್ಲಿ ಇದ್ದದ್ದು ಹದಿನೇಳು ಸ್ವರಗಳ ಮೆಟ್ಟಿಲು. 1924ರಲ್ಲಿ ತಾಲೀಮಿನ ಹೊತ್ತಿಗೆ ರಾಸ್ ಗೋರ್ಮನ್ ಅನ್ನುವ ವಾದಕ ತಮಾಷೆಗೆ ಮೆಟ್ಟಿಲು ಬಿಟ್ಟು ಜಾರುಬಂಡೆಯ ಹಾಗೆ ಎಳೆದು ಊದಿದ. ಗರ್ಷ್‌ವಿನ್‌ಗೆ ಹಿಡಿಸಿತು, ಹಾಗೇ ಇರಲಿ ಅಂದ. ಈಗ ಅದಿಲ್ಲದೆ ಆ ಕೃತಿಯೇ ಇಲ್ಲ. ಬೆರಳನ್ನು ತೂತಿನ ಮೇಲಿಂದ ಎತ್ತದೆ ನಿಧಾನಕ್ಕೆ ಸರಿಸುತ್ತ, ತುಟಿ ಸಡಿಲಿಸಿ ಮಾಡುವ ಕೆಲಸ ಅದು. ನಿಮ್ಮ ಕಾಕಾ ಅದನ್ನು ಮೀಂಡ್ ಅಂತಾರೆ, ಮದುಮಗಳನ್ನು ಕಳಿಸಿಕೊಡುವಾಗ ಸಾವಿರ ಸಲ ಮಾಡಿರುತ್ತಾರೆ. ಕಾನ್ಸರ್ವೇಟರಿಯಲ್ಲಿ (ಸಂಗೀತ ಕಾಲೇಜಿನಲ್ಲಿ) ಓದಿದವರು ಅದಕ್ಕಾಗಿ ತಿಂಗಳುಗಟ್ಟಲೆ ತಿಣುಕುತ್ತಾರೆ!

ಹಾಗಾದರೆ ಯಾವ ಪ್ರಯೋಗ ಟಿಕೆಟ್ ಮಾರುವ ಉಪಾಯ? ನನ್ನ ಕಿವಿಯ ಲೆಕ್ಕ ಹೇಳುತ್ತೇನೆ. ಶಾಸ್ತ್ರೀಯ ಧುನ್ ಹಾಗೇ ಇಟ್ಟು ಕೆಳಗೆ ಡ್ರಮ್ಸ್ ಸೇರಿಸಿದರೆ ಅದು ಮಜ್ಜಿಗೆಗೆ ಸೋಡಾ ಹಾಕಿದ ಹಾಗೆ, ನೊರೆ ಬರುತ್ತದೆ ಅಷ್ಟೇ. ಎರಡನೇ ಮನೆಯ ಪಾಠವನ್ನು ಆ ಮನೆಯವರ ಹತ್ತಿರವೇ ಕಲಿತು ಬಂದವರದ್ದು ಬೇರೆ. ಅಮೆರಿಕದ ರಿಚರ್ಡ್ ಸ್ಟೋಲ್ಟ್ಸ್‌ಮನ್ ಅಂಥವರು. 1973ರಲ್ಲಿ ಗೆಳೆಯರ ಜತೆ 'ತಾಶಿ' ಅನ್ನುವ ನಾಲ್ವರ ಗುಂಪು ಕಟ್ಟಿದರು. ಫ್ರಾನ್ಸಿನ ಸಂಯೋಜಕ ಮೆಸಿಯಾನ್ 1941ರಲ್ಲಿ ಜರ್ಮನ್ನರ ಯುದ್ಧಕೈದಿಗಳ ಶಿಬಿರದಲ್ಲಿ ಮೊದಲ ಸಲ ಕೇಳಿಸಿದ 'ಕಾಲದ ಅಂತ್ಯಕ್ಕೆ ಕ್ವಾರ್ಟೆಟ್' ನುಡಿಸುವುದಕ್ಕಾಗಿ ಕಟ್ಟಿದ ಗುಂಪು. ಅದರಷ್ಟು ಗಂಭೀರ ಚೇಂಬರ್ ಸಂಗೀತ ಇನ್ನೊಂದಿಲ್ಲ. ಅದೇ ಸ್ಟೋಲ್ಟ್ಸ್‌ಮನ್ ಆಮೇಲೆ ಜಾಝ್ ಬಾಸ್ ವಾದಕ ಎಡ್ಡಿ ಗೋಮೆಜ್ ಥರದವರ ಜತೆ ನಿಂತರು. ಸ್ಟ್ರಾವಿನ್‌ಸ್ಕಿ 1945ರಲ್ಲಿ ವುಡಿ ಹರ್ಮನ್ ಜಾಝ್ ಬ್ಯಾಂಡಿಗೆ ಬರೆದ 'ಎಬೊನಿ ಕಾನ್ಸರ್ಟೊ' ಇನ್ನೂ ತಮಾಷೆ. ಜಾಝ್ ಬ್ಯಾಂಡೇ ಹೌದು, ಆದರೆ ಒಂದು ಸ್ವರವೂ ಸ್ವಂತದ್ದಲ್ಲ, ಎಲ್ಲ ಬರೆದದ್ದು. ಕಾಕಾಗೆ ಅದನ್ನು ಕೇಳಿಸಿ, ಅವರ ಮುಖ ನೋಡಿ!

ದೂರದ ಮಾತು ಸಾಕು. ಕ್ಲಾರಿನೆಟ್ ಅನ್ನು ತನ್ನದಲ್ಲದ ಸಂಗೀತಕ್ಕೆ ಒಗ್ಗಿಸುವುದನ್ನು ನೋಡಬೇಕೆಂದರೆ ನೀವು ರಾಯಚೂರಿಗೆ ಹೋದರೆ ಸಾಕು. ಪಂಡಿತ ನರಸಿಂಹಲು ವಡವಾಟಿ ಅವರು ಆ ಜಿಲ್ಲೆಯವರು, ಪಂಡಿತ ಸಿದ್ಧರಾಮ ಜಂಬಲದಿನ್ನಿ ಅವರ ಶಿಷ್ಯರು. ಗುರುಗಳು ಹಾಡುಗಾರರು, ಶಿಷ್ಯರು ಅದೇ ಹಾಡುವ ಶೈಲಿಯನ್ನು ಕೀಗಳಿರುವ ವಿದೇಶಿ ವಾದ್ಯದಲ್ಲಿ ತಂದರು. ತಮಿಳುನಾಡಿನಲ್ಲಿ ಎ.ಕೆ.ಸಿ. ನಟರಾಜನ್ ಕರ್ನಾಟಕ ಸಂಗೀತಕ್ಕೆ ಇದೇ ಕೆಲಸ ಮಾಡಿದರು, 2022ರಲ್ಲಿ ಪದ್ಮಶ್ರೀ ಬಂತು. ನಮ್ಮ ಕದ್ರಿ ಗೋಪಾಲನಾಥ್ ಸ್ಯಾಕ್ಸೊಫೋನ್ ಪಳಗಿಸಿ, ಕೊನೆಗೆ ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಂತಪ್ಪ ಜತೆ ಸೇರಿ 2008ರಲ್ಲಿ ಆಲ್ಬಂ ಮಾಡಿದರು. ಅದನ್ನು ಕೇಳುವಾಗ ಒಂದು ಗಮನಿಸಿ. ಕದ್ರಿಯವರು ತಮ್ಮ ಸಂಗೀತವನ್ನೇ ನುಡಿಸುತ್ತಾರೆ, ಜಾಝ್‌ನವರ ಹಾಗೆ ನಟಿಸುವುದಿಲ್ಲ. ಇದ್ದಲ್ಲೇ ಇದ್ದು ಕೈ ಚಾಚುವುದೂ ಒಂದು ದಾರಿ.

ನಿಮ್ಮ ತಮ್ಮನ ವಿಷಯ. ಎರಡೂ ಕಲಿಸಿ, ಆದರೆ ಒಟ್ಟಿಗೇ ಶುರು ಮಾಡಬೇಡಿ. ಈಗ ಅವನ ತುಟಿ ಇನ್ನೂ ಗಟ್ಟಿಯಾಗುವ ವಯಸ್ಸು. ಮೊದಲ ಎರಡು ವರ್ಷ ದಿನಾ ಹದಿನೈದು ನಿಮಿಷ ಬರೀ ಉದ್ದ ಸ್ವರ, ಶ್ರುತಿಪೆಟ್ಟಿಗೆ ಹಚ್ಚಿಕೊಂಡು. ರೀಡ್ ಎರಡು ಅಥವಾ ಎರಡೂವರೆ ನಂಬರ್ ಸಾಕು, ದೊಡ್ಡವರನ್ನು ನೋಡಿ ಮೂರೂವರೆ ಕೊಡಿಸಬೇಡಿ, ಕಚ್ಚಿ ಊದುವ ಚಟ ಬೀಳುತ್ತದೆ. ನೊಟೇಶನ್ ಈಗಲೇ ಕಲಿಯಲಿ. ನನ್ನ ಹಾಗೆ ಇಪ್ಪತ್ತು ದಾಟಿ ಕಲಿತರೆ ಕಣ್ಣು ಯಾವಾಗಲೂ ಕಿವಿಯ ಹಿಂದೆ ಕುಂಟುತ್ತದೆ. ಲಂಡನ್ನಿನ ಟ್ರಿನಿಟಿ ಕಾಲೇಜಿನ ಸಂಗೀತ ಪರೀಕ್ಷೆಗಳಲ್ಲಿ ಕ್ಲಾರಿನೆಟ್‌ಗೆ ಶಾಸ್ತ್ರೀಯ, ಜಾಝ್ ಎರಡೂ ಗ್ರೇಡ್ ಇವೆ, ಬೇಕಿದ್ದರೆ ಆಮೇಲೆ ನೋಡಿಕೊಳ್ಳಬಹುದು. ಕಾಕಾನ ಪಾಠ ಮಾತ್ರ ನಿಲ್ಲಿಸಬೇಡಿ. ಕೇಳಿ ಊದುವ ಕಿವಿ ಒಮ್ಮೆ ಹೋದರೆ ಯಾವ ಪರೀಕ್ಷೆಯೂ ಅದನ್ನು ವಾಪಸ್ ಕೊಡುವುದಿಲ್ಲ.

ಮೂರನೇ ವರ್ಷ ಜಾಝ್‌ನ ಬಾಗಿಲು ತೆಗೆಯಬಹುದು. ಅದಕ್ಕೆ ಪಿಯಾನೋ ಬೇಡ, ಮನೆಯ ಪೇಟಿ (ಹಾರ್ಮೋನಿಯಂ) ಸಾಕು. ಬ್ಲೂಸ್ ಅಂದರೆ ಹನ್ನೆರಡು ಅಳತೆಯ ಒಂದು ಆವರ್ತನ, ಒಂದೊಂದು ಅಳತೆಗೆ ನಾಲ್ಕು ಮಾತ್ರೆ. ಪೇಟಿಯಲ್ಲಿ ಸ ಗ ಪ ಮೂರನ್ನೂ ಒಟ್ಟಿಗೆ ಒತ್ತಿ ನಾಲ್ಕು ಅಳತೆ. ಆಮೇಲೆ ಮ ಧ ಸ ಎರಡು ಅಳತೆ. ಮತ್ತೆ ಸ ಗ ಪ ಎರಡು. ಪ ನಿ ರಿ ಒಂದು, ಮ ಧ ಸ ಒಂದು, ಕೊನೆಗೆ ಸ ಗ ಪ ಎರಡು. ಯಾರಾದರೂ ಇದನ್ನು ಸುತ್ತುತ್ತಾ ಇರಲಿ. ಹುಡುಗ ಮೇಲೆ ಸ, ಕೋಮಲ ಗ, ಮ, ಪ, ಕೋ​ಮಲ ನಿ ಅಷ್ಟರಲ್ಲೇ ಊದಲಿ. ಹೌದು, ಅದು ನಮ್ಮ ಧಾನಿ ರಾಗವೇ. ನಡುವೆ ತೀವ್ರ ಮಧ್ಯಮ ಒಂದು ತಾಗಿಸಿದರೆ ಜಾಝ್‌ನವರ ಬ್ಲೂಸ್ ಸ್ಕೇಲ್. ಪೇಟಿಯಲ್ಲಿ ಶುದ್ಧ ಗ, ಕ್ಲಾರಿನೆಟ್‌ನಲ್ಲಿ ಕೋಮಲ ಗ, ಎರಡೂ ಉಜ್ಜಿದಾಗ ಒಂದು ಉರಿ ಬರುತ್ತದೆ. ಜೋಗ್ ರಾಗ ಕೇಳಿದವರಿಗೆ ಎರಡು ಗಾಂಧಾರದ ರುಚಿ ಹೊಸದಲ್ಲ, ಆದರೆ ಇಲ್ಲಿ ಎರಡೂ ಒಂದೇ ಹೊತ್ತಿಗೆ. ಅದೇ ಬ್ಲೂಸ್.

ಕಛೇರಿ ಮಾಡಲು ಆಗುತ್ತದಾ ಅಂದಿರಿ. ಆಗುತ್ತದೆ, ಆದರೆ ಜಾಗ ಮತ್ತು ತಿಂಗಳು ನೋಡಿಕೊಳ್ಳಬೇಕು. ಉತ್ಸವಗಳ ದೊಡ್ಡ ವೇದಿಕೆ ಚೇಂಬರ್ ಸಂಗೀತಕ್ಕೆ ಒಗ್ಗುವುದಿಲ್ಲ, ಅಲ್ಲಿ ಸ್ಪೀಕರ್ ಕೇಳಿಸುತ್ತದೆ, ವಯೋಲಾ ಕೇಳಿಸುವುದಿಲ್ಲ. ಬಳ್ಳಾರಿಯ ರಾಘವ ಕಲಾ ಮಂದಿರ, ರಾಯಚೂರಿನ ಜಂಬಲದಿನ್ನಿ ರಂಗಮಂದಿರ ಜಾಝ್ ಗುಂಪಿಗೆ ಸರಿ. ಬ್ರಾಮ್ಸ್‌ಗೆ ನೂರು ಜನ ಕೂರುವ ಶಾಲೆಯ ಹಾಲ್ ಸಾಕು, ಮೈಕ್ ಬೇಡ, ಫ್ಯಾನ್ ಆರಿಸಬೇಕು. ತಂತಿವಾದ್ಯದವರು ಬೆಂಗಳೂರಿನಿಂದ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾಗುವಷ್ಟರಲ್ಲಿ ನಮ್ಮ ಕಡೆ ಇರುತ್ತಾರೆ.

ತಿಂಗಳು ಮಾತ್ರ ನವೆಂಬರ್‌ನಿಂದ ಫೆಬ್ರವರಿ. ಒಮ್ಮೆ ಏಪ್ರಿಲ್‌ನಲ್ಲಿ ಒಪ್ಪಿಕೊಂಡು ಕೆಟ್ಟೆ. ಹೊರಗೆ 41 ಡಿಗ್ರಿ, ಒಳಗೆ ಏಸಿ ಕೈಕೊಟ್ಟಿತ್ತು. ಬಿಸಿಗಾಳಿಯಲ್ಲಿ ಸದ್ದು ವೇಗವಾಗಿ ಓಡುತ್ತದೆ. 20 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್, 40ರಲ್ಲಿ 355. ಹಾಗಾಗಿ ಊದುವ ವಾದ್ಯದ ಶ್ರುತಿ ಏರುತ್ತದೆ. ತಂತಿ ಬಿಸಿಗೆ ಸಡಿಲವಾಗಿ ಇಳಿಯುತ್ತದೆ. ನಾನು ಮೇಲೆ, ಅವರು ಕೆಳಗೆ, ನಡುವೆ ಮೊಜಾರ್ಟ್ ಸಿಕ್ಕಿಹಾಕಿಕೊಂಡ. ಜತೆಗೆ ನನ್ನ ಕರಿಮರದ ಕ್ಲಾರಿನೆಟ್‌ನ ಮೇಲಿನ ತುಂಡಿನಲ್ಲಿ ಕೂದಲೆಳೆಯಷ್ಟು ಸೀಳು. ಅಂದಿನಿಂದ ಬೇಸಿಗೆಯಲ್ಲಿ ಎಬೊನೈಟ್ (ಗಟ್ಟಿ ರಬ್ಬರ್) ವಾದ್ಯ ಬಿಟ್ಟು ಬೇರೆ ಮುಟ್ಟುವುದಿಲ್ಲ. ತಮ್ಮನಿಗೂ ಮೊದಲು ಎಬೊನೈಟ್ ಅಥವಾ ಪ್ಲಾಸ್ಟಿಕ್‌ನದ್ದೇ ಕೊಡಿಸಿ. ಅವನು ಕಾಲಿಗೆ ಬಿದ್ದು ಕೇಳಿದರೂ ಮರದ್ದು ಈಗ ಬೇಡ.

ಐದು ಜನರನ್ನು ಕೂಡಿಸುವುದು ಈಗಲೇ ಆಗದಿದ್ದರೆ ಇಬ್ಬರಿಂದ ಶುರು ಮಾಡಿ. ಶೋಪ್ ಮೇಷ್ಟರ ಪದ್ಧತಿ ಹೇಳಿದೆನಲ್ಲ. ಕಾಕಾ ಮತ್ತು ತಮ್ಮ, ಎರಡು ಕ್ಲಾರಿನೆಟ್, ಇದಕ್ಕಿಂತ ಸಣ್ಣ ಚೇಂಬರ್ ಗುಂಪು ಇಲ್ಲ. ಪುಲಾಂಕ್ 1918ರಲ್ಲಿ ಎರಡೇ ಕ್ಲಾರಿನೆಟ್‌ಗೆ ಒಂದು ಸೊನಾಟಾ ಬರೆದಿದ್ದಾನೆ, ಅದು ಮುಂದೊಂದು ದಿನಕ್ಕೆ ಇರಲಿ. ಈಗ ಕಾಕಾ ತಮಗೆ ಬಾಯಿಪಾಠ ಇರುವ ಒಂದು ಧುನ್ ಊದಲಿ, ತಮ್ಮ ಕೆಳಗೆ ಬೇರೆ ಸಾಲು ಹಿಡಿಯಲಿ. ಮರುದಿನ ಅದಲು ಬದಲು. ಕಾಕಾ ಕೆಳಗಿನ ಸಾಲು ಊದಲು ಒಪ್ಪುತ್ತಾರೋ ಇಲ್ಲವೋ, ಅದೇ ಮೊದಲ ಪಾಠ. ನನಗೆ ಅದು ಕಲಿಯಲು ವಯೋಲಾದ ಹುಡುಗಿ ಬೇಕಾಯಿತು.

ಇನ್ನೊಂದು. ಕಾಕಾನ ವಾದ್ಯದ್ದು ಮುಂದೆ, ಹಿಂದೆ ಎರಡು ಫೋಟೋ ತೆಗೆದು ಕಳಿಸಿ. ಹಳೆಯ ಬ್ಯಾಂಡುಗಳಲ್ಲಿ ಆಲ್ಬರ್ಟ್ ಪದ್ಧತಿಯ ಕೀಗಳಿರುವ ಕ್ಲಾರಿನೆಟ್ ಬಹಳ ಇದ್ದವು, ಮೀರತ್‌ನಲ್ಲಿ ಮಾಡಿದವೂ ಇದ್ದವು. ಈಗಿನ ಪುಸ್ತಕಗಳು, ಪರೀಕ್ಷೆಗಳು ಎಲ್ಲ ಬೋಮ್ ಪದ್ಧತಿಯ ಬೆರಳಿಗೆ. ತಮ್ಮ ಯಾವುದರಲ್ಲಿ ಕಲಿಯುತ್ತಿದ್ದಾನೆ ಅಂತ ಗೊತ್ತಾದರೆ ಮುಂದಿನ ಪುಸ್ತಕ ಯಾವುದು ಅಂತ ಹೇಳುತ್ತೇನೆ. ಕಾಕಾನದ್ದು ಆಲ್ಬರ್ಟ್ ಆಗಿದ್ದರೆ, ಹಳೇದಾಯ್ತು ಅಂತ ಗುಜರಿಗೆ ಹಾಕಬೇಡಿ. ನ್ಯೂ ಆರ್ಲಿಯನ್ಸ್‌ನ ಆ ಹಳೆಯ ಜಾಝ್‌ನವರು ಊದಿದ್ದೂ ಅದನ್ನೇ. ಮೀಂಡ್ ಅದರಲ್ಲಿ ಬರುವಷ್ಟು ಸಲೀಸಾಗಿ ನನ್ನ ಬೋಮ್‌ನಲ್ಲಿ ಇವತ್ತಿಗೂ ಬರುವುದಿಲ್ಲ.